ಮನೇಲಿ ಯಾರಾದ್ರೂ ಸೇದ್ತಾರಾ?

ಫೆಬ್ರವರಿ 11

ಗುಮ್ಮಣ್ಣಾ,

ಸುಖವಾಗಿ ಬಂದು ಸೇರಿದೆ. ಬಸ್ಸಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ಅಂಗಡಿ ಬೀಗ ಹಾಕಿದ ಹಾಗೇ ಇತ್ತು. ಬೆಕ್ಕು ಮಾತ್ರ ಮುಖ ತಿರುಗಿಸ್ಕೊಂಡು ಕೂತಿದೆ, ಒಂದು ದಿನ ಬಿಟ್ಟು ಹೋದದ್ದಕ್ಕೆ ಇಷ್ಟು ಮುನಿಸು.

ಫೋನು ಮಾಡಬಹುದಿತ್ತು. ಆದ್ರೆ ಫೋನಲ್ಲಿ ನೀನು ಹೂಂ ಅಂತೀಯ, ಉಹೂಂ ಅಂತೀಯ, ಅಷ್ಟರಲ್ಲಿ ನಂಗೆ ಸಾಕಾಗಿಬಿಡುತ್ತೆ. ಚಿಕ್ಕಂದಿನಿಂದ್ಲೂ ಗುಮ್ಮನ ಗುಸಕ ನೀನು, ಅದಕ್ಕೇ ತಾನೇ ಅಮ್ಮ ಈ ಹೆಸರಿಟ್ಟಿದ್ದು. ಕಾಗದ ಬರೆದ್ರೆ ನಾಲ್ಕು ಮಾತು ಹೆಚ್ಚಿಗೆ ಉದುರಿಸ್ತೀಯ ಅಂತ ಆಸೆ.

ಅಲ್ವೋ, ನಿಮ್ಮ ಆಸ್ಪತ್ರೆ ಏನು, ಅರಮನೆ ಇದ್ದ ಹಾಗಿದೆ! ಆ ನೆಲದ ಮೇಲೆ ಕಾಲಿಡೋಕೇ ಭಯ ಆಯ್ತು. ನೀನು ಬಿಳಿ ಕೋಟು ಹಾಕ್ಕೊಂಡು, ಕುತ್ತಿಗೆಗೆ ಗುರುತಿನ ಚೀಟಿ ನೇತಾಕ್ಕೊಂಡು ಓಡಾಡ್ತಿದ್ದದ್ದು ನೋಡಿ ನಗು ತಡೆಯೋಕಾಗಲಿಲ್ಲ. ನಿನ್ನ ಮೂಗು ಒರೆಸಿ ಬೆಳೆಸಿದವಳು ಕಣಪ್ಪ ನಾನು, ಆ ಕೋಟಿಗೆಲ್ಲ ಹೆದರಲ್ಲ. ಆದ್ರೂ ಹೆಮ್ಮೆ ಆಯ್ತು. ನಿಮ್ಮ ಭಾವ ಇದ್ದಿದ್ರೆ ಬೀದಿಯಲ್ಲೆಲ್ಲ ಡಂಗುರ ಸಾರಿಸ್ತಿದ್ರು.

ಆ ಯಂತ್ರಕ್ಕೆ ಊದಿಸೋ ನರ್ಸಮ್ಮ ಒಳ್ಳೆಯವಳು. ಉಸಿರು ಹಿಡ್ಕೊಳ್ಳಿ, ಈಗ ಬಿಡಿ, ಪೂರ್ತಿ ಬಿಡಿ ಅಂತ ಹೆರಿಗೆ ಮಾಡಿಸೋರ ಹಾಗೆ ಹುರಿದುಂಬಿಸಿದಳು. ಎರಡೆರಡು ಸಲ ಊದಿಸಿದಳು. ನಾನು ಚೆನ್ನಾಗಿ ಊದಿದೆ ಅಂತಾನೇ ಇರಬೇಕು. ನಿನ್ನ ಅಧ್ಯಯನಕ್ಕೆ ಜನ್ಮದಲ್ಲಿ ಸಿಗರೇಟು ಮುಟ್ಟದೇ ಇರೋ ವಯಸ್ಸಾದೋರು ಬೇಕು ಅಂತ ನೀನು ಹುಡುಕ್ತಿದ್ದೆ, ನನಗಿಂತ ಅಪ್ಪಟ ಗಿರಾಕಿ ಎಲ್ಲಿ ಸಿಗಬೇಕು ನಿಂಗೆ?

ನಿನ್ನ ಮೇಜಿನ ಮೇಲೆ ನಮ್ಮ ಮದ್ದಿನಂಗಡಿಯ ಸೇದೋ ಮೂಲಿಕೆ ಬತ್ತಿಯ ಒಂದು ಕಟ್ಟು ಇಟ್ಟು ಬಂದಿದ್ದೀನಿ. ನಿಮ್ಮಲ್ಲಿಗೆ ಸಿಗರೇಟು ಬಿಡೋಕೆ ಅಂತ ಬರ್ತಾರಲ್ಲ, ಅವರಿಗೆ ಕೊಡು. ಪುದೀನ ನೆರಳಲ್ಲೇ ಒಣಗಿಸಿದ್ದು, ಜ್ಯೇಷ್ಠಮಧು ಬಟ್ಟೆಯಲ್ಲಿ ಸೋಸಿದ್ದು, ಲವಂಗ, ಗುಲಾಬಿ ಎಸಳು, ಅಷ್ಟೇ. ತಂಬಾಕಿನ ಒಂದು ಎಳೆ ಇಲ್ಲ. ನಮ್ಮ ಎದುರುಗಡೆ ದರ್ಜಿ ಇದನ್ನೇ ಸೇದಿ ಸಿಗರೇಟು ಬಿಟ್ಟ, ಈಗ ದಿನಕ್ಕೊಂದು ಕಟ್ಟು ಬೇಕು ಅವನಿಗೆ. ದೊಡ್ಡ ಡಾಕ್ಟರಿಗೂ ತೋರಿಸು. ಹಿತ್ತಲ ಗಿಡ ಮದ್ದಲ್ಲ ಅಂತ ಮೂಗು ಮುರಿದಾರು, ಮುರೀಲಿ.

ಹೊತ್ತು ಹೊತ್ತಿಗೆ ಊಟ ಮಾಡು.

ನಿನ್ನ
ಅಕ್ಕ


ಮಾರ್ಚ್ 2

ಅಕ್ಕಾ,

ಈ ಕಾಗದವನ್ನ ಮೂರು ಸಲ ಬರೆದು ಹರಿದಿದ್ದೀನಿ. ನೇರವಾಗಿ ಹೇಳಿಬಿಡ್ತೀನಿ.

ನೀನು ಊದಿದ ಯಂತ್ರ ಉಸಿರಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಎಷ್ಟಿದೆ ಅಂತ ತೋರಿಸುತ್ತೆ. ಅದು ಹೊಗೆಯಿಂದ ಬರೋ ವಿಷಗಾಳಿ. ಸೇದದೇ ಇರೋರಿಗೆ ಮೂರೋ ನಾಲ್ಕೋ ಬರುತ್ತೆ. ಮನೇಲಿ ಸೇದೋರಿದ್ರೆ ಸ್ವಲ್ಪ ಜಾಸ್ತಿ. ಹತ್ತು ದಾಟಿದ್ರೆ ಆ ಮನುಷ್ಯ ಸೇದ್ತಾನೆ ಅಂತಾನೇ ನಾವು ಲೆಕ್ಕ ಹಿಡಿಯೋದು. ನಿಂದು ಹದಿನಾಲ್ಕು ಬಂತು. ಅದಕ್ಕೇ ನರ್ಸಮ್ಮ ಎರಡನೇ ಸಲ ಊದಿಸಿದ್ದು. ಆಗಲೂ ಹದಿನಾಲ್ಕೇ.

ಇನ್ನೊಂದು ವಿಷಯ. ಮನೇಲಿ ಯಾರಾದ್ರೂ ಸೇದ್ತಾರಾ ಅಂತ ಅವರು ಕೇಳಿದಾಗ, ಹೂಂ, ನಮ್ಮ ಯಜಮಾನರು ಅಂದೆಯಂತೆ. ನರ್ಸಮ್ಮ ನನ್ನ ಹತ್ತಿರ ಬಂದು, ನಿಮ್ಮ ಭಾವನೋರನ್ನೂ ಒಂದ್ಸಲ ಕರ್ಕೊಂಡು ಬನ್ನಿ, ಬಿಡಿಸೋಣ ಅಂದ್ರು. ಭಾವ ಹೋಗಿ ಆರು ವರ್ಷ ಆಯ್ತಲ್ಲ ಅಕ್ಕಾ.

ನೀನು ಸೇದ್ತೀಯಾ? ಸೇದ್ತಿದ್ರೆ ಹೇಳಿಬಿಡು. ನಾನು ಬೈಯಲ್ಲ. ದಿನಾ ಅಂಥೋರನ್ನೇ ನೋಡ್ತೀನಿ, ಯಾರನ್ನೂ ಕೀಳಾಗಿ ಕಂಡಿಲ್ಲ. ಆದ್ರೆ ಸೇದಲ್ಲ ಅಂತ ಹೇಳಿ ಬಂದು ಊದಿದ್ರೆ ನಮ್ಮ ಅಧ್ಯಯನವೇ ಕೆಡುತ್ತೆ. ನಿನ್ನ ಹೆಸರು ತೆಗೆದು ಹಾಕಿದ್ದೀವಿ. ಅದಿರಲಿ, ನಿನ್ನ ಎದೆಯೊಳಗೆ ಏನಾಗ್ತಿದೆಯೋ ಅಂತ ನಂಗೆ ಭಯ.

ನಿನ್ನ
ತಮ್ಮ


ಮಾರ್ಚ್ 9

ಸಂಶೋಧಕರಿಗೆ,

ಅಕ್ಕನ ಹೆಸರು ತೆಗೆದು ಹಾಕಿದ್ರಂತೆ, ಸಂತೋಷ. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ನಿಮಗೆ ಮನುಷ್ಯರಿಗಿಂತ ಯಂತ್ರ ಹೆಚ್ಚಾಯ್ತು.

ಗಂಡ ಸಿಗರೇಟಿಂದ ಕೆಮ್ಮಿ ಕೆಮ್ಮಿ ಸತ್ತದ್ದನ್ನ ಪಕ್ಕದಲ್ಲಿ ಕೂತು ನೋಡಿದವಳು ನಾನು. ಅವರ ಬೆನ್ನು ಉಜ್ಜಿ ನನ್ನ ಅಂಗೈ ದಪ್ಪಗಾಗಿತ್ತು. ಅಂಥವಳು ಕದ್ದು ಸಿಗರೇಟು ಸೇದ್ತಾಳೆ ಅಂತ ಬರೆಯೋಕೆ ನಿನ್ನ ಕೈ ಹೇಗೆ ಬಂತೋ? ಬೈಯಲ್ಲ ಅಂತ ಬೇರೆ ದೊಡ್ಡಸ್ತಿಕೆ. ನೀನ್ಯಾರೋ ನನ್ನ ಬೈಯೋಕೆ?

ಯಜಮಾನರು ಅಂದೆ, ಬಾಯಿಗೆ ಬಂತು, ಅಂದೆ. ಗುರುತಿಲ್ಲದ ಹೆಂಗಸಿನ ಮುಂದೆ ಕೂತು ಸತ್ತೋರ ಪುರಾಣ ತೆಗೀಲಾ?

ಇನ್ನು ಬರೆಯಬೇಡ.

ಅಕ್ಕ


ಏಪ್ರಿಲ್ 17

ಅಕ್ಕಾ,

ಫೋನು ಎತ್ತುತ್ತಿಲ್ಲ. ದರ್ಜಿ ಅಂಗಡಿಗೆ ಮಾಡಿದೆ. ಚೆನ್ನಾಗಿದ್ದಾರೆ, ನಿಮ್ಮ ಹೆಸರೆತ್ತಿದ್ರೆ ಒಳಗೆ ಹೋಗ್ತಾರೆ ಅಂದ. ಅವನು ಮಾತಿನ ಮಧ್ಯೆ ಎಷ್ಟು ಕೆಮ್ಮಿದ ಅಂದ್ರೆ, ಕೊನೆಗೆ ಆಮೇಲೆ ಮಾತಾಡ್ತೀನಿ ಅಂತ ಇಟ್ಟುಬಿಟ್ಟ.

ನನ್ನ ಮಾತು ಹೊಟ್ಟೆಗೆ ಹಾಕ್ಕೋ. ಕೇಳಬೇಕಾದ್ದನ್ನ ಕಾಗದದಲ್ಲಿ ಕೇಳಬಾರದಿತ್ತು, ಬಂದು ಕೇಳಬೇಕಿತ್ತು.

ಇಲ್ಲಿ ಹೇಳೋಕೆ ಏನೂ ಇಲ್ಲ. ರೂಮು, ಕೆಲಸ, ರೂಮು. ಕೆಳಗಿನ ಮನೆಯವರು ಖಾಲಿ ಮಾಡಿದ್ರು, ಮೆಟ್ಟಿಲಲ್ಲಿ ಎದುರು ಸಿಗೋರೂ ಇಲ್ಲ ಈಗ. ಭಾನುವಾರ ಸಂಜೆ ನಿನ್ನ ಬೈಗುಳ ಕೇಳದೆ ಇದ್ರೆ ವಾರ ಮುಗೀತು ಅಂತಾನೇ ಅನ್ನಿಸಲ್ಲ.

ನೀನು ಕೊಟ್ಟ ಬತ್ತಿ ಕಟ್ಟು ಮೇಜಿನ ಮೇಲೆ ಹಾಗೇ ಇದೆ.

ತಮ್ಮ


ಮೇ 6

ಅಕ್ಕಾ,

ತಪ್ಪು ನಂದು. ಮೊದಲು ಅದನ್ನ ಹೇಳ್ತೀನಿ. ನೀನು ಸುಳ್ಳು ಹೇಳಿರಲಿಲ್ಲ.

ನಿನ್ನ ಕಟ್ಟು ದೊಡ್ಡ ಡಾಕ್ಟರ ಕಣ್ಣಿಗೆ ಬಿತ್ತು. ಇದೇನಪ್ಪ ಅಂತ ಮೂಸಿ ನೋಡಿದ್ರು. ನಮ್ಮಕ್ಕ ಮಾಡೋದು, ಪ್ರತಿ ಸಲ ಹೊಸದಾಗಿ ಸುತ್ತಿದಾಗ ಒಂದನ್ನ ತಾನೇ ಹಚ್ಚಿ ಹದ ನೋಡಿ ಆಮೇಲೆ ಕಟ್ಟು ಕಟ್ತಾಳೆ ಅಂದೆ. ಅಂದ ತಕ್ಷಣ ನಂಗೆ ತಲೆ ಮೇಲೆ ತಣ್ಣೀರು ಸುರಿದ ಹಾಗಾಯ್ತು. ಅವರೂ ನನ್ನ ಮುಖಾನೇ ನೋಡ್ತಿದ್ರು. ಹದಿನಾಲ್ಕು ಎಲ್ಲಿಂದ ಬಂತು ಅಂತ ಇಬ್ಬರಿಗೂ ಒಟ್ಟಿಗೇ ಗೊತ್ತಾಯ್ತು.

ನಮ್ಮಲ್ಲಿ ಸಿಗರೇಟು ಸೇದೋ ಯಂತ್ರ ಒಂದಿದೆ. ನಗಬೇಡ, ನಿಜವಾಗ್ಲೂ ಇದೆ. ಮನುಷ್ಯರ ಹಾಗೇ ದಮ್ಮು ಎಳೆಯುತ್ತೆ, ಹೊಗೆ, ಅದನ್ನ ಸೋಸೋ ಒಂದು ಬಿಳಿ ಬಿಲ್ಲೆ ಮೂಲಕ ಹೋಗುತ್ತೆ. ನಿನ್ನ ಬತ್ತಿ ಹಾಕಿದ್ವಿ. ಪಕ್ಕದಲ್ಲಿ ಪೇಟೆ ಸಿಗರೇಟು ಹಾಕಿದ್ವಿ. ಕೊನೆಗೆ ಎರಡು ಬಿಲ್ಲೆ ತೆಗೆದು ಇಟ್ರೆ ಯಾವುದು ಯಾವುದರದ್ದು ಅಂತ ನಂಗೇ ಹೇಳೋಕಾಗಲಿಲ್ಲ. ಎರಡೂ ಕಂದು ಬಣ್ಣ, ಎರಡೂ ಅಂಟಂಟು. ವಿಷಗಾಳಿಯೂ ಹೆಚ್ಚು ಕಮ್ಮಿ ಅಷ್ಟೇ.

ತಂಬಾಕು ಇಲ್ಲ ಅನ್ನೋದು ನಿಜ. ತಂಬಾಕಿನ ಚಟ ಹತ್ತಿಸೋ ನಿಕೋಟಿನ್ ಅದರಲ್ಲಿಲ್ಲ. ಆದ್ರೆ ಎಲೆ ಯಾವುದಾದ್ರೇನು, ಸುಟ್ಟು ಒಳಗೆಳಕೊಂಡ್ರೆ ಹೊಗೆ ಹೊಗೆಯೇ. ಪುದೀನವನ್ನ ನೀರಲ್ಲಿ ಕುದಿಸಿದ್ರೆ ಮದ್ದು, ಬೆಂಕಿಗೆ ಹಿಡಿದ್ರೆ ಮಸಿ.

ದಯವಿಟ್ಟು ಇನ್ಮೇಲೆ ಹಚ್ಚಿ ನೋಡಬೇಡ. ದರ್ಜಿಗೂ ಕೊಡಬೇಡ.

ನಿನ್ನ
ಗುಮ್ಮಣ್ಣ


ಜೂನ್ 3

ಗುಮ್ಮಣ್ಣಾ,

ನಿನ್ನ ಕಾಗದ ಬಂದು ತಿಂಗಳಾಗ್ತಾ ಬಂತು. ಮೊದಲ ಸಲ ಓದಿದಾಗ ಒಲೆಗೆ ಹಾಕೋಣ ಅನ್ನಿಸ್ತು. ಆಮೇಲೆ, ಅದೂ ಹೊಗೆ ಆಗುತ್ತಲ್ಲ ಅಂತ ಬಿಟ್ಟೆ.

ಕೋಪ ನಿನ್ನ ಮೇಲಲ್ಲ. ಯಾರ ಮೇಲೆ ಅಂತ ನಂಗೇ ತಿಳೀತಿಲ್ಲ.

ಈ ಬತ್ತಿ ಹುಟ್ಟಿದ್ದು ಯಾಕೆ ಅಂತ ನಿಂಗೆ ಗೊತ್ತು. ನಿಮ್ಮ ಭಾವ, ಕೆಮ್ಮಿಗೆ ಪುಡಿ ಮಾರೋ ಮನುಷ್ಯ, ಅಂಗಡಿ ಹಿಂದೆ ನಿಂತು ಸಿಗರೇಟು ಸೇದ್ತಿದ್ರು. ಗಿರಾಕಿಗಳೇ ನಗ್ತಿದ್ರು. ಹೇಳಿ ಹೇಳಿ ನನ್ನ ನಾಲಿಗೆ ಸವೀತು. ಕೊನೆಗೆ ಕೈಗೆ ಬಾಯಿಗೆ ಏನಾದ್ರೂ ಬೇಕು ತಾನೇ, ತಗೊಳ್ಳಿ ಅಂತ ನಾನೇ ಕೂತು ಈ ಬತ್ತಿ ಸುತ್ತಿ ಕೊಟ್ಟೆ. ಕೊನೆಯ ಎರಡು ವರ್ಷ ಅವರು ಸೇದಿದ್ದು ಇದನ್ನೇ. ಸಿಗರೇಟು ಬಿಡಿಸಿದೆ ಅಂತ ನಾನು ಬೀಗಿದೆ. ಡಾಕ್ಟರು ತಡವಾಯ್ತು ಅಂದ್ರು, ಹೌದು ತಡವಾಯ್ತು ಅಂದ್ಕೊಂಡೆ. ಈಗ ನೀನು ಎರಡು ಬಿಲ್ಲೆ ಒಂದೇ ಬಣ್ಣ ಅಂತೀಯ.

ಹಾಗಾದ್ರೆ ಆ ಎರಡು ವರ್ಷ ನಾನು ಅವರಿಗೆ ಕೊಟ್ಟಿದ್ದೇನು? ಸುಳ್ಳು ಹೇಳದೆ ಬರಿ.

ಹಚ್ಚಿ ನೋಡೋದು ಅವರದೇ ಕಟ್ಟಳೆ. ಕೊಡೋ ಮದ್ದು ಮೊದಲು ಕೊಡೋರ ಬಾಯಿಗೆ ಬೀಳಬೇಕು ಅಂತಿದ್ರು. ಪುಡಿಯಾದ್ರೂ ಸರಿ, ಲೇಹ್ಯವಾದ್ರೂ ಸರಿ. ಅದನ್ನ ಬಿಟ್ಟು ಹೇಗೆ ಮಾರಲಿ?

ದರ್ಜಿಗೆ ಇನ್ನೂ ಏನೂ ಹೇಳಿಲ್ಲ. ದಿನಾ ಬೆಳಗ್ಗೆ ಬರ್ತಾನೆ, ಅಕ್ಕಾವ್ರೇ ನಿಮ್ಮಿಂದ ಜೀವ ಉಳೀತು ಅಂತಾನೆ, ಕೆಮ್ತಾನೆ, ಹೋಗ್ತಾನೆ.

ಅಕ್ಕ


ಜೂನ್ 15

ಅಕ್ಕಾ,

ಸುಳ್ಳು ಹೇಳದೆ ಬರೀತೀನಿ. ಭಾವನ ಶ್ವಾಸಕೋಶ ಆ ಹೊತ್ತಿಗೇ ಹೋಗಿತ್ತು. ಮೂವತ್ತು ವರ್ಷದ ಸಿಗರೇಟು ಅದು. ನಿನ್ನ ಬತ್ತಿ ಅವರನ್ನ ಕೊಲ್ಲಲಿಲ್ಲ, ಉಳಿಸಲೂ ಇಲ್ಲ. ಇಷ್ಟು ಮಾತ್ರ ನಾನು ಹೇಳಬಲ್ಲೆ. ಕೊನೇವರೆಗೂ ಅವರು ನೀನು ಸುತ್ತಿದ್ದು ಅಂತಾನೇ ಸೇದಿದ್ರು, ಅದಂತೂ ನಾನೇ ಕಣ್ಣಾರೆ ಕಂಡಿದ್ದೀನಿ.

ಒಂದು ಮಾತು ಕೇಳಬೇಕು. ಈ ಸಲ ಬಂದೇ ಕೇಳೋಣ ಅಂತಿದ್ದೆ, ರಜೆ ಸಿಗಲಿಲ್ಲ. ಹದ ನೋಡೋಕೆ ಅಂತ ಒಂದು ಬತ್ತಿ, ಎರಡು ದಮ್ಮು ಎಳೆದು ಆರಿಸಿದ್ರೆ ಹದಿನಾಲ್ಕು ಬರಲ್ಲ ಅಕ್ಕಾ. ಲೆಕ್ಕಕ್ಕೆ ಕೂರ್ತಾ ಇಲ್ಲ. ದಿನಕ್ಕೆ ಎಷ್ಟು ಸೇದ್ತೀಯ?

ಹೇಳದಿದ್ರೂ ಪರವಾಗಿಲ್ಲ. ಕಾಗದ ಮಾತ್ರ ನಿಲ್ಲಿಸಬೇಡ.

ಗುಮ್ಮಣ್ಣ


ಜುಲೈ 28

ಗುಮ್ಮಣ್ಣಾ,

ನೀನು ಕಡಿಮೆ ಮಾತಿನವನು ಅಂತ ಬೈತಿದ್ದೆ. ಆಡಿದ ಒಂದು ಮಾತು ನೋಡು, ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿದೆ. ಕಕ್ಕಿಬಿಡ್ತೀನಿ.

ಅವರು ಹೋದ ಮೇಲೆ ಮೊದಲ ವರ್ಷ ಮನೆ ತುಂಬ ಅವರ ವಾಸನೆ ಇತ್ತು. ಪರದೆಯಲ್ಲಿ, ಹೊದಿಕೆಯಲ್ಲಿ, ಅವರು ಕೂರ್ತಿದ್ದ ಆ ಕೈಯಿರೋ ಕುರ್ಚಿಯ ದಿಂಬಿನಲ್ಲಿ. ಹೊಗೆ ವಾಸನೆ. ಅವರು ಬದುಕಿದ್ದಾಗ ಅದಕ್ಕೆ ಎಷ್ಟು ಬೈದಿದ್ದೀನಿ, ಹೊರಗೆ ಹೋಗಿ ಸುಡಿ ನಿಮ್ಮ ಬಾಯಿ ಅಂತ. ಹೋದ ಮೇಲೆ ಪರದೆಗೆ ಮುಖ ಇಟ್ಟು ನಿಲ್ತಿದ್ದೆ.

ಆಮೇಲೆ ನೀನು ರಜೆಗೆ ಬಂದೆ. ಅಕ್ಕನಿಗೆ ಸಹಾಯ ಆಗಲಿ ಅಂತ, ಪಾಪ, ನಾನು ಅಂಗಡಿಯಲ್ಲಿದ್ದಾಗ ಪರದೆ, ಹೊದಿಕೆ, ದಿಂಬಿನ ಚೀಲ ಎಲ್ಲ ಒಗೆದು ಒಣ ಹಾಕಿಬಿಟ್ಟೆ. ನಾನು ಬಂದು ಬಾಗಿಲಲ್ಲಿ ನಿಂತು ನೋಡಿದೆ. ಸಾಬೂನಿನ ವಾಸನೆ ಗಮ್ಮಂತ ಬರ್ತಿತ್ತು. ಒಳ್ಳೇದಾಯ್ತು ಕಣೋ ಅಂದೆ. ಇನ್ನೇನು ಅನ್ನಲಿ? ನಿನ್ನ ಕೈಯೆಲ್ಲ ಕೆಂಪಗಾಗಿತ್ತು.

ನೀನು ವಾಪಸ್ಸು ಹೋದ ಸಂಜೆ ಅಂಗಡಿಯಿಂದ ಒಂದು ಬತ್ತಿ ತಂದು ಹಚ್ಚಿ ಅವರ ಬೂದಿ ಬಟ್ಟಲಲ್ಲಿ ಇಟ್ಟೆ. ತಾನಾಗೇ ಉರಿಯೋಲ್ಲ ಅದು, ಯಾರಾದ್ರೂ ಎಳೀತಾ ಇರಬೇಕು. ಎಳೆದೆ. ಕಿಟಕಿ ಮುಚ್ಚಿದೆ. ಆ ವಾಸನೆ ಮನೆಯೊಳಗೆ ಎದ್ದ ತಕ್ಷಣ, ಈಗ ಕೆಮ್ತಾರೆ, ಈಗ ಟೀ ಕೇಳ್ತಾರೆ ಅನ್ನೋ ಹಾಗಾಯ್ತು. ಎಷ್ಟೋ ತಿಂಗಳ ಮೇಲೆ ಅವತ್ತು ಹೊಟ್ಟೆ ತುಂಬ ಉಂಡೆ.

ಅವತ್ತಿಂದ ದಿನಾ ಸಂಜೆ. ಒಂದಕ್ಕೆ ನಿಲ್ಲಲ್ಲ ಈಗ. ಬೆಳಗ್ಗೆ ಎದ್ದಾಗ ಮನೆ ತಣ್ಣಗಿದ್ರೆ ಆಗಲೂ ಒಂದು. ನಿನ್ನ ಆಸ್ಪತ್ರೆಗೆ ಹೊರಟ ದಿನ ಬಸ್ಸಿಗೆ ಮುಂಚೆ ಕೂಡ. ಅದಕ್ಕೇ ಕಣೋ, ಆ ನರ್ಸಮ್ಮ ಮನೇಲಿ ಯಾರಾದ್ರೂ ಸೇದ್ತಾರಾ ಅಂದಾಗ ಯಜಮಾನರು ಅಂದೆ. ನಂಗೆ ಅದು ಸುಳ್ಳು ಅಂತ ಅನ್ನಿಸಲೇ ಇಲ್ಲ. ಬೇಕಾದ್ರೆ ಅರವತ್ತಕ್ಕೆ ಅರಳು ಮರಳು ಅನ್ನು.

ನಂಗೂ ಕೆಮ್ಮು ಶುರುವಾಗಿದೆ, ಅದನ್ನೂ ಹೇಳಿಬಿಡ್ತೀನಿ. ಮೊದಮೊದಲು ಗೋಡೆಯಾಚೆ ಅವರೇ ಕೆಮ್ಮಿದ ಹಾಗಿತ್ತು ಅಂತ ಇಷ್ಟ ಆಯ್ತು. ನೋಡು, ಎಲ್ಲಿಗೆ ಬಂದು ನಿಂತಿದ್ದೀನಿ.

ಬಿಡು ಅಂತೀಯ, ನಿನ್ನ ಕೆಲಸಾನೇ ಅದು. ಆದ್ರೆ ನಿಮ್ಮಲ್ಲಿಗೆ ಬರೋರು ಬಿಡೋದು ಸಿಗರೇಟು. ನಾನು ಬಿಟ್ರೆ ಬಿಡೋದು ಅವರನ್ನ. ಇದಕ್ಕೆ ನಿಮ್ಮ ದೊಡ್ಡ ಡಾಕ್ಟರ ಹತ್ತಿರ ಏನಾದ್ರೂ ಮದ್ದಿದೆಯಾ?

ಅಕ್ಕ


ಆಗಸ್ಟ್ 5

ಅಕ್ಕಾ,

ಮದ್ದಿಲ್ಲ. ದೊಡ್ಡ ಡಾಕ್ಟರನ್ನೂ ಕೇಳಿ ನೋಡಿದೆ.

ಪರದೆ ಒಗೆದದ್ದು ನಂಗೆ ಚೆನ್ನಾಗಿ ನೆನಪಿದೆ. ಅಕ್ಕ ಖುಷಿ ಪಡ್ತಾಳೆ ಅಂತ ಹಾಡು ಗುನುಗ್ತಾ ಒಗೆದೆ. ನೀನು ಒಳ್ಳೇದಾಯ್ತು ಅಂದದ್ದನ್ನ ಇಷ್ಟು ವರ್ಷ ಮೆಚ್ಚುಗೆ ಅಂತ ಇಟ್ಕೊಂಡಿದ್ದೆ.

ಬಿಡು ಅಂತ ದಿನಕ್ಕೆ ಎಷ್ಟೋ ಜನಕ್ಕೆ ಹೇಳೋ ಬಾಯಿ ಇದು. ನಿಂಗೆ ಹೇಳೋಕೆ ಬರ್ತಿಲ್ಲ. ಆದ್ರೆ ಅಕ್ಕಾ, ಅಮ್ಮ ಹೋದಾಗ ನೀನಿದ್ದೆ. ಭಾವ ಹೋದಾಗ ನಿಂಗೆ ನಾನಿದ್ದೆ ಅಂತ ಅಂದ್ಕೊಂಡಿದ್ದೆ, ಸರಿಯಾಗಿ ಇರಲಿಲ್ಲ ಅಂತ ಈಗ ಗೊತ್ತಾಯ್ತು. ನೀನು ಹೋದ್ರೆ ನಂಗೆ ಕಾಗದ ಬರೆಯೋರು ಯಾರು? ಈ ಊರಲ್ಲಿ ನನ್ನ ಯಾರೂ ಗುಮ್ಮಣ್ಣ ಅನ್ನಲ್ಲ. ನಂಗೆ ನೀನು ಬೇಕು. ಇಷ್ಟು ಹೇಳೋಕೆ ಇಷ್ಟು ವರ್ಷ ಬೇಕಾಯ್ತು.

ಒಂದು ವಿಷಯ ಮಾತ್ರ ಹೇಳ್ತೀನಿ, ಕೆಲಸದವನಾಗಿ. ಉಸಿರಲ್ಲಿರೋ ಆ ವಿಷಗಾಳಿ ಬಿಟ್ಟ ಒಂದೆರಡು ದಿನಕ್ಕೇ ಇಳಿದುಹೋಗುತ್ತೆ. ಉಳಿದದ್ದು ನಿಧಾನ.

ನಿನ್ನ
ಗುಮ್ಮಣ್ಣ


ಸೆಪ್ಟೆಂಬರ್ 19

ಗುಮ್ಮಣ್ಣಾ,

ಈ ಕಾಗದ ನಿನ್ನ ಮೇಜಿನ ಮೇಲೆ ಸಿಕ್ಕಾಗ ಗಾಬರಿ ಆಗಬೇಡ. ನಾನೇ ಇಟ್ಟು ಹೋಗಿದ್ದು. ನೀನು ಹೊರಗೂರಿನ ಕೆಲಸಕ್ಕೆ ಹೋಗಿರ್ತೀಯ ಅಂತ ಗೊತ್ತಿದ್ದೇ ಈ ದಿನ ಬಂದೆ. ನಿನ್ನ ಮುಂದೆ ಊದೋಕೆ ನಂಗೆ ಧೈರ್ಯ ಇರಲಿಲ್ಲ.

ಮೊದಲು ದರ್ಜಿ ವಿಷಯ. ಹೇಳಿದೆ. ಸುತ್ತಿ ಬಳಸದೆ, ಅವನ ಹೊಲಿಗೆ ಯಂತ್ರದ ಮುಂದೆ ಸ್ಟೂಲು ಹಾಕ್ಕೊಂಡು ಕೂತು, ಇದು ಮದ್ದಲ್ಲ ಕಣಪ್ಪ, ನಾನೇ ತಿಳೀದೆ ಕೊಟ್ಟೆ ಅಂದೆ. ಅವನು ಕೈಲಿದ್ದ ಗುಂಡಿ ಹೊಲಿದು ಮುಗಿಸಿದ. ಆಮೇಲೆ, ಇಷ್ಟು ದಿನ ಔಷಧಿ ಅಂತ ಸೇದ್ತಿದ್ದೆ ಅಕ್ಕಾವ್ರೇ, ಇನ್ಮೇಲೆ ಏನಂತ ಸೇದಲಿ ಅಂದ. ಒಂದು ವಾರ ನಮ್ಮ ಕಡೆ ತಿರುಗಿ ನೋಡಲಿಲ್ಲ. ಎಂಟನೇ ದಿನ ಬಂದು, ಬಾಯಿ ಸುಮ್ನಿರಲ್ಲ, ಚೀಪೋಕೆ ಏನಾದ್ರೂ ಕೊಡಿ ಅಂದ. ಅದೇ ಪುದೀನ, ಅದೇ ಜ್ಯೇಷ್ಠಮಧು, ಜೇನಲ್ಲಿ ಕಲಸಿ ಗುಳಿಗೆ ಮಾಡಿ ಕೊಟ್ಟೆ. ಮೊದಲು ನಾನು ಚೀಪಿ ನೋಡಿ ಆಮೇಲೇ ಕೊಟ್ಟಿದ್ದು. ಕಟ್ಟಳೆ ಬಿಟ್ಟಿಲ್ಲ. ದರಿದ್ರ ರುಚಿ ಅಂದ, ಡಬ್ಬಿ ತಗೊಂಡು ಹೋದ. ಅಂಗಡಿಯಲ್ಲಿದ್ದ ಬತ್ತಿಯನ್ನೆಲ್ಲ ನೀರಿಗೆ ಹಾಕಿ ಹಿಂಡಿ ಗಿಡದ ಬುಡಕ್ಕೆ ಸುರಿದೆ. ಸುಡಲಿಲ್ಲ ನೋಡು, ಬುದ್ಧಿ ಬಂದಿದೆ.

ಮನೇದು ಅಷ್ಟು ಸಲೀಸಾಗಲಿಲ್ಲ. ಎರಡು ಕಟ್ಟು ಕಪಾಟಿನಲ್ಲಿ ಉಳಿಸ್ಕೊಂಡಿದ್ದೆ, ಯಾರಿಗೂ ಹೇಳದೆ. ನಿನ್ನ ಕಾಗದ ಓದಿದ ಮೇಲೆ ಒಂದು ಕಟ್ಟು ಮುಗಿಸಿದೆ, ಅದೂ ನಿಜ. ಎರಡನೇದು ಬಿಚ್ಚೋಕೆ ಹೋದಾಗ ನೀನು ಬರೆದದ್ದು ನೆನಪಾಯ್ತು, ಈ ಊರಲ್ಲಿ ನನ್ನ ಯಾರೂ ಗುಮ್ಮಣ್ಣ ಅನ್ನಲ್ಲ ಅಂದೆಯಲ್ಲ, ಅದು. ಬದುಕಿರೋನಿಗೆ ಯಾರೂ ಇಲ್ಲದ ಹಾಗೆ ಮಾಡಿ, ಇಲ್ಲದವರಿಗೆ ಜೊತೆ ಕೂತಿದ್ದೀನಲ್ಲ ಅನ್ನಿಸ್ತು. ಆ ಸಂಜೆ ಕಟ್ಟು ಬಿಚ್ಚಲಿಲ್ಲ, ಕಿಟಕಿ ತೆಗೆದಿಟ್ಟೆ. ಎಲ್ಲ ಕಿಟಕಿ. ಗಾಳಿ ಬಂತು, ಪರದೆ ಹಾರಾಡಿತು, ಅವರು ಹೋದ್ರು. ಆರು ವರ್ಷದ ಹಿಂದೆ ಅಳದೇ ಉಳಿದದ್ದನ್ನ ಅವತ್ತು ಅತ್ತೆ. ಬೆಕ್ಕು ಬಂದು ಮಡಿಲಲ್ಲಿ ಕೂತಿತು, ಅದಕ್ಕೆ ಹೊಗೆ ಕಂಡ್ರೆ ಆಗ್ತಿರಲಿಲ್ಲ ಅಂತ ನಂಗೆ ಅವತ್ತೇ ಗೊತ್ತಾಗಿದ್ದು.

ಈಗ ಸಂಜೆ ಹೊತ್ತು ಏನು ಮಾಡಬೇಕೋ ತಿಳಿಯಲ್ಲ. ಮನೆಯಲ್ಲಿ ಬರೀ ಮನೆ ವಾಸನೆ ಬರುತ್ತೆ. ಅಡ್ಡಿಯಿಲ್ಲ ಅಂತ ಬರೆಯೋಣ ಅಂದ್ಕೊಂಡೆ, ಆದ್ರೆ ನಾವಿಬ್ಬರೂ ಸುಳ್ಳು ಬರೆಯಲ್ಲ ಅಂತ ಆಗಿದೆಯಲ್ಲ. ಕಷ್ಟ ಇದೆ ಕಣೋ.

ಇವತ್ತು ಅದೇ ನರ್ಸಮ್ಮ ಇದ್ದಳು. ಗುರುತು ಹಿಡಿದಳು. ನಾನಾಗೇ ಊದ್ತೀನಿ ಅಂದೆ. ಅದಕ್ಕೇನಂತೆ ಅಮ್ಮಾ, ಬನ್ನಿ, ಆದ್ರೆ ಪ್ರಶ್ನೆ ಮತ್ತೆ ಎಲ್ಲ ಕೇಳಬೇಕು ಅಂದಳು. ಕೇಳು ಅಂದೆ. ವಯಸ್ಸು ಕೇಳಿದಳು, ಕೆಲಸ ಕೇಳಿದಳು, ಕೆಮ್ಮು ಇದೆಯಾ ಅಂದಳು. ಸ್ವಲ್ಪ ಇದೆ, ಕಮ್ಮಿ ಆಗ್ತಿದೆ ಅಂದೆ.

ಆಮೇಲೆ, ಮನೇಲಿ ಯಾರಾದ್ರೂ ಸೇದ್ತಾರಾ ಅಂದಳು.

ಇಲ್ಲಮ್ಮಾ, ಯಾರೂ ಇಲ್ಲ ಅಂದೆ.

ಉಸಿರು ಹಿಡ್ಕೊಂಡೆ, ಬಿಟ್ಟೆ. ಮೂರು ಬಂತು. ತುಂಬ ಒಳ್ಳೇದು ಅಮ್ಮಾ, ತುಂಬ ಒಳ್ಳೇದು ಅಂತ ಅವಳು ನನ್ನ ಕೈ ಹಿಡ್ಕೊಂಡಳು. ಒಳ್ಳೇದಾಯ್ತು ಕಣಮ್ಮ ಅಂತ ನಾನೂ ಅಂದೆ.

ಈ ಭಾನುವಾರ ಬಾ. ರಜೆ ಇಲ್ಲ ಗಿಜೆ ಇಲ್ಲ ಅನ್ನಬೇಡ. ನೀನು ಬಂದಾಗಲೆಲ್ಲ ಬಾಗಿಲ ಹತ್ತಿರದ ಸ್ಟೂಲಲ್ಲೇ ಕೂರ್ತೀಯ, ಭಾವನ ಕುರ್ಚಿ ಅಂತ ಅದನ್ನ ಮುಟ್ಟಲ್ಲ. ಈ ಸಲ ಅದರಲ್ಲೇ ಕೂತ್ಕೋ. ಯಾರಾದ್ರೂ ಕೂತ್ಕೋಬೇಕು ಕಣೋ.

ನಿನ್ನ
ಅಕ್ಕ